ನಂಬರ್ ಹೇಳಿದ್ಮೇಲೆ ಸುಮ್ನಿರೋದು ಹೇಗೆ? ಇಂಟರ್ವ್ಯೂಗೂ ಸಂಬಳದ ಹೈಕ್ ಕೇಳೋಕೂ ಒಂದೇ ತಯಾರಿ

ಇಂಟರ್ವ್ಯೂ ಟೇಬಲ್ಲಿನ ಆ ಕಡೆ ಕೂತು ಪ್ರಶ್ನೆ ಕೇಳೋ ಕೆಲಸ ನಂಗೆ ಬಿದ್ದು ಸುಮಾರು ವರ್ಷ ಆಯ್ತು, ಇಷ್ಟು ದಿನದಲ್ಲಿ ಅತಿ ಹೆಚ್ಚು ಸಲ ನೋಡಿರೋ ಎಡವಟ್ಟು ಒಂದೇ. ಬಂದವ್ರು ಮುಕ್ಕಾಲು ಗಂಟೆ ಚೆನ್ನಾಗಿ ಮಾತಾಡಿರ್ತಾರೆ, ಇವ್ರಿಗೆ ಕೆಲಸ ಬರತ್ತೆ ಅಂತ ನಮಗೂ ಗೊತ್ತಾಗಿರತ್ತೆ, ಕೊನೆಗೆ "ಸಂಬಳ ಎಷ್ಟು ಎಕ್ಸ್‌ಪೆಕ್ಟ್ ಮಾಡ್ತಿದ್ದೀರಿ" ಅಂತೀವಿ, ಅವ್ರು ಒಂದು ನಂಬರ್ ಹೇಳ್ತಾರೆ, ನಾನು ಬರ್ಕೊಳ್ಳೋಕೆ ಪೆನ್ನಿನ ಕ್ಯಾಪ್ ತೆಗೀತಿರ್ತೀನಿ, ಅಷ್ಟ್ರಲ್ಲಿ "ಸ್ವಲ್ಪ ಕಮ್ಮಿ ಆದ್ರೂ ಪರ್ವಾಗಿಲ್ಲ ಸರ್" ಅಂದುಬಿಡ್ತಾರೆ. ನಾನು ಬೇಡ ಅಂದಿರಲ್ಲ, ಮುಖ ಸಿಂಡರಿಸಿರಲ್ಲ. ಕ್ಯಾಪ್ ತೆಗೆಯೋ ಹೊತ್ತಿಗೆ ಅವ್ರ ಸಂಬಳ ಅವ್ರೇ ಕಟ್ ಮಾಡ್ಕೊಂಡಾಯ್ತು. ಪಕ್ಕದಲ್ಲಿರೋ ಎಚ್‌ಆರ್ ಆ ಎರಡನೇ ಮಾತನ್ನೇ ಬರ್ಕೊಳ್ತಾರೆ, ಇನ್ನೇನು ಮಾಡ್ತಾರೆ ಪಾಪ.

ಈ ಲೇಖನ ಆ ಎರಡು ಸೆಕೆಂಡಿಗೋಸ್ಕರ. ಮಿಕ್ಕಿದ್ದೆಲ್ಲ ಅದಕ್ಕೆ ತಯಾರಿ ಅಂದ್ಕೊಳ್ಳಿ. ಕಾನ್ಫಿಡೆನ್ಸ್ ಬರ್ಲಿ ಆಮೇಲೆ ಕೇಳ್ತೀನಿ ಅಂತ ಕಾಯೋರು ಕಾಯ್ತಾನೇ ಇರ್ತಾರೆ, ನಾನು ನೋಡಿದ ಮಟ್ಟಿಗೆ ಒಂದು ವಾಕ್ಯ ಬಾಯಲ್ಲಿ ಹತ್ತು ಸಲ ಹೊರಳಿದ್ಮೇಲೆ ಹನ್ನೊಂದನೇ ಸಲಕ್ಕೆ ಅದು ತಾನಾಗೇ ಬರತ್ತೆ.

ಹೆಜ್ಜೆ 1: ಮಾಡಿದ ಕೆಲಸದ ಲೆಕ್ಕ ಬರೆದಿಡಿ

ಒಂದು ನೋಟ್‌ಬುಕ್ ಸಾಕು. ವಾರಕ್ಕೊಂದ್ಸಲ ಹತ್ತು ನಿಮಿಷ ಕೂತು ಈ ವಾರ ಏನು ಮಾಡ್ದೆ, ನಾನು ಕೈ ಹಾಕೋ ಮುಂಚೆ ಅದು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಮೂರು ಸಾಲು. "ರಿಪೋರ್ಟ್ ನೋಡ್ಕೊಳ್ತಿದ್ದೆ" ಅಂತ ಬರೆದ್ರೆ ಉಪಯೋಗ ಇಲ್ಲ. "ತಿಂಗಳ ರಿಪೋರ್ಟಿಗೆ ಮೂರು ದಿನ ಹಿಡೀತಿತ್ತು, ಫಾರ್ಮ್ಯಾಟ್ ಬದಲಾಯಿಸ್ದೆ, ಈಗ ಅರ್ಧ ದಿನ" ಅಂತ ಬರೀರಿ. ಇದನ್ನ ಆಫೀಸ್ ಲ್ಯಾಪ್‌ಟಾಪಲ್ಲಿ ಇಡ್ಬೇಡಿ, ಕೆಲಸ ಬಿಟ್ಟ ದಿನ ಲಾಗಿನ್ ಹೋಗತ್ತೆ, ಅದರ ಜೊತೆ ನಿಮ್ಮ ನಾಲ್ಕು ವರ್ಷದ ಲೆಕ್ಕನೂ ಹೋಗತ್ತೆ. ಹಾಗಂತ ಕಂಪನಿಯ ಗುಟ್ಟಿನ ಅಂಕಿಅಂಶ, ಕ್ಲೈಂಟ್ ಹೆಸರು ಎಲ್ಲ ಮನೆಗೆ ಹೊತ್ಕೊಂಡು ಹೋಗ್ಬೇಡಿ.

ಇದು ಯಾಕೆ ಬೇಕು ಅಂದ್ರೆ ನಾವು ಮಾಡಿದ್ದು ನಮಗೇ ಮರ್ತೋಗತ್ತೆ, ನೆನಪಿದ್ರೂ "ಏನೋ ಅದೃಷ್ಟ, ಆಗೋಯ್ತು" ಅಂತ ತಳ್ಳಿಹಾಕ್ತೀವಿ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನೋ ಇಬ್ರು ಮನಃಶಾಸ್ತ್ರಜ್ಞೆಯರು ಇದನ್ನೇ ವಿವರಿಸಿದ್ರು, ಎಷ್ಟು ಸಾಧಿಸಿದ್ರೂ ನಾನು ನಿಜವಾಗ್ಲೂ ಯೋಗ್ಯಳಲ್ಲ, ಯಾವತ್ತೋ ಒಂದಿನ ಸಿಕ್ಕಿಬೀಳ್ತೀನಿ ಅನ್ನೋ ಭಾವನೆ. ಇಂಪೋಸ್ಟರ್ ಅನ್ನೋ ಮಾತು ಈಗ ಎಲ್ಲರ ಬಾಯಲ್ಲೂ ಓಡಾಡತ್ತಲ್ಲ, ಅದರ ಮೂಲ ಇದು. ಅವ್ರು ನೋಡಿದ್ದು ಚೆನ್ನಾಗಿ ಸಾಧನೆ ಮಾಡಿದ್ದ ಹೆಣ್ಮಕ್ಕಳನ್ನ, ಗಂಡಸ್ರಿಗೂ ಇರತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. ಮನಸ್ಸು ಹೀಗೆ ವಾದ ಮಾಡ್ವಾಗ ಎದುರಿಗೆ ಇಡೋಕೆ ಕೈಯಲ್ಲಿ ನೋಟ್‌ಬುಕ್ ಇರ್ಲಿ.

ಹೆಜ್ಜೆ 2: ಐದು ಕಥೆ ರೆಡಿ ಮಾಡಿ

ಐವತ್ತು ಪ್ರಶ್ನೆಗೆ ಐವತ್ತು ಉತ್ತರ ಉರು ಹೊಡೆಯೋದು ವೇಸ್ಟ್. ನೋಟ್‌ಬುಕ್ಕಿಂದ ಐದು ಘಟನೆ ಆರಿಸ್ಕೊಳ್ಳಿ: ಒಂದು ಕಷ್ಟದ ಕೆಲಸ, ಒಂದು ಜಗಳ, ಒಂದು ತಪ್ಪು, ಗೊತ್ತಿಲ್ದೇ ಇದ್ದಿದ್ದನ್ನ ಕಲಿತಿದ್ದು ಒಂದು, ಯಾರೂ ಹೇಳ್ದೆ ನೀವೇ ಶುರು ಮಾಡಿದ್ದು ಒಂದು. ಪರಿಸ್ಥಿತಿ ಏನಿತ್ತು, ನಿಮ್ಮ ಪಾಲಿಗೆ ಏನು ಬಂತು, ನೀವು ಏನು ಮಾಡಿದ್ರಿ, ಏನಾಯ್ತು, ಇಷ್ಟೇ ಕ್ರಮ. ಒಂದೂವರೆ ನಿಮಿಷದ ಮೇಲೆ ಹೋಗ್ಬಾರ್ದು. "ನಾವು ಮಾಡಿದ್ವಿ, ನಾವು ಮುಗಿಸಿದ್ವಿ" ಅಂತ ಪೂರ್ತಿ ಹೇಳಿದ್ರೆ ನಿಮ್ಮ ಕೈಯಿಂದ ಏನಾಯ್ತು ಅಂತ ನಮಗೆ ತಿಳಿಯಲ್ಲ, ವಿನಯ ಒಳ್ಳೇದೇ ಆದ್ರೆ ನಾವು ಕೆಲಸಕ್ಕೆ ತಗೊಳ್ತಿರೋದು ಟೀಮನ್ನಲ್ಲ. ಇನ್ನು ತಪ್ಪಿನ ಕಥೆ ಕೇಳಿದಾಗ "ನಾನು ತುಂಬಾ ಪರ್ಫೆಕ್ಷನಿಸ್ಟ್, ಅದೇ ನನ್ನ ವೀಕ್ನೆಸ್" ಅನ್ನೋರು ದಯವಿಟ್ಟು ನಿಲ್ಲಿಸ್ಬಿಡಿ, ನಿಜವಾದ ತಪ್ಪು ಹೇಳಿ, ಹೇಗೆ ಸರಿ ಮಾಡಿದ್ರಿ ಹೇಳಿ.

ಎದುರಿಗೆ ಕೂತವ್ರು ಎಲ್ರಿಗೂ ಅದೇ ಪ್ರಶ್ನೆ ಒಂದು ಶೀಟಿಂದ ಓದ್ತಾ, ತಲೆ ಎತ್ತದೆ ಬರ್ಕೊಳ್ತಾ ಹೋದ್ರೆ ಇಷ್ಟ ಆಗ್ಲಿಲ್ಲ ಅಂತ ಗಾಬರಿ ಆಗ್ಬೇಡಿ. ಹರಟೆ ಥರ ನಡೆಯೋ ಇಂಟರ್ವ್ಯೂಗಿಂತ ಹೀಗೆ ಒಂದೇ ಅಳತೆಯಲ್ಲಿ ಕೇಳೋದೇ ಮುಂದೆ ಯಾರು ಚೆನ್ನಾಗಿ ಕೆಲಸ ಮಾಡ್ತಾರೆ ಅಂತ ಹೆಚ್ಚು ಸರಿಯಾಗಿ ಹೇಳತ್ತೆ ಅಂತ ಸಂಶೋಧನೆಗಳು ಬಹಳ ಹಿಂದಿಂದ ಹೇಳ್ಕೊಂಡು ಬಂದಿವೆ. ಅವ್ರು ತಲೆ ಎತ್ತದೆ ಬರೀತಿದ್ದಾರೆ ಅಂದ್ರೆ ನೀವು ಬರೆಯೋ ಅಂಥದ್ದು ಏನೋ ಹೇಳ್ತಿದ್ದೀರಿ.

ಹೆಜ್ಜೆ 3: ಬಾಯಿ ಬಿಟ್ಟು ಹೇಳಿ

ಮನಸ್ಸಲ್ಲಿ ಹೇಳ್ಕೊಂಡಿದ್ದು ಲೆಕ್ಕಕ್ಕಿಲ್ಲ. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ, ಮೊದಲ ಸಲ ನಿಮ್ಮ ದನಿ ಕೇಳೋಕೆ ನಿಮಗೇ ಹಿಂಸೆ ಆಗತ್ತೆ, ಮೂರನೇ ಸಲಕ್ಕೆ ಸರಿಹೋಗತ್ತೆ. ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿ ಅಂತಾರಲ್ಲ, ನನಗೆ ಅದರಲ್ಲಿ ನಂಬಿಕೆ ಇಲ್ಲ, ಮಾತು ಬಿಟ್ಟು ಕೂದಲು ನೋಡ್ಕೊಳ್ತೀವಿ ಅಷ್ಟೆ.

ಇಲ್ಲೇ ಒಂದು ಮಾತು, "ಟಾಪ್ 50 ಇಂಟರ್ವ್ಯೂ ಪ್ರಶ್ನೋತ್ತರ" ಅಂತ ಪಿಡಿಎಫ್ ಮಾರ್ತಾರೆ, ಹಾಗೇ ಎಐ ಆಪ್‌ಗಳು ಕ್ಷಣದಲ್ಲಿ ಉತ್ತರ ಬರೆದುಕೊಡ್ತವೆ. ಕೊಂಡ್ಕೋಬೇಡಿ, ಉರು ಹೊಡೀಬೇಡಿ. ಅದೇ ಉತ್ತರ ಬೆಳಗ್ಗೆಯಿಂದ ನಾಲ್ಕು ಜನರ ಬಾಯಲ್ಲಿ ಕೇಳಿರ್ತೀವಿ, ಎರಡನೇ ವಾಕ್ಯಕ್ಕೇ ವಾಸನೆ ಹೊಡಿಯತ್ತೆ. ಎಐಗೆ ಬೇಕಾದ್ರೆ ನಿಮ್ಮ ಕಥೆ ಹೇಳಿ, ಅಡ್ಡ ಪ್ರಶ್ನೆ ಕೇಳು ಅನ್ನಿ, ಅದಕ್ಕೆ ಚೆನ್ನಾಗಿದೆ.

ಹೆಜ್ಜೆ 4: ಆ ದಿನದ ಎದೆ ಡವಡವ

ಬಟ್ಟೆ ಹಿಂದಿನ ದಿನವೇ ತೆಗೆದಿಡಿ, ಹದಿನೈದು ನಿಮಿಷ ಮುಂಚೆ ತಲುಪಿ, ಫೋನ್ ಸೈಲೆಂಟ್ ಮಾಡಿ, ಆಯ್ತು.

ಭಯಕ್ಕೆ ಬಂದ್ರೆ, ಶಾಂತವಾಗು ಶಾಂತವಾಗು ಅಂತ ನಿಮಗೆ ನೀವೇ ಹೇಳ್ಕೊಳ್ಳೋದು ಅಷ್ಟೇನೂ ಕೆಲಸ ಮಾಡಲ್ಲ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಅನ್ನೋ ಸಂಶೋಧಕಿ ಪ್ರಕಟಿಸಿದ ಪ್ರಯೋಗಗಳಲ್ಲಿ ಭಾಷಣಕ್ಕೋ ಹಾಡೋಕೋ ಮುಂಚೆ "ನಂಗೆ ಉತ್ಸಾಹ ಆಗ್ತಿದೆ" ಅಂತ ಹೇಳ್ಕೊಂಡೋರು "ನಾನು ಶಾಂತವಾಗಿದ್ದೀನಿ" ಅಂತ ಹೇಳ್ಕೊಂಡೋರಿಗಿಂತ ಚೆನ್ನಾಗಿ ಮಾಡಿದ್ರು. ಎದೆ ಹೊಡ್ಕೊಳ್ಳೋದು ಎರಡಕ್ಕೂ ಒಂದೇ ಅಲ್ವಾ, ಅದಕ್ಕೆ ಇಟ್ಟ ಹೆಸರು ಬೇರೆ. ಇನ್ನೊಂದು, ನಿಮ್ಮ ನಡುಕ ನಿಮಗೆ ಕಂಡಷ್ಟು ಎದುರಿನವ್ರಿಗೆ ಕಾಣಲ್ಲ. ಸ್ಯಾವಿಟ್ಸ್‌ಕಿ ಮತ್ತು ಗಿಲೊವಿಚ್ ಅನ್ನೋರು 2003ರಲ್ಲಿ ಇದನ್ನೇ ತೋರಿಸಿದ್ರು, ಭಾಷಣ ಮಾಡೋರಿಗೆ ಈ ವಿಷಯ ಮೊದಲೇ ತಿಳಿಸಿದ್ರೆ ಅವ್ರ ಭಾಷಣವೇ ಸುಧಾರಿಸ್ತು. ಈಗ ನಿಮಗೂ ತಿಳಿಸಿದ್ದೀನಿ.

ಸೊಂಟದ ಮೇಲೆ ಕೈ ಇಟ್ಟು ಎರಡು ನಿಮಿಷ ಬಾತ್‌ರೂಮಲ್ಲಿ ನಿಲ್ಲೋ "ಪವರ್ ಪೋಸ್" ಶಾರ್ಟ್‌ಕಟ್ ಇದ್ಯಲ್ಲ, ಅದು 2010ರ ಒಂದು ಸಣ್ಣ ಪ್ರಯೋಗದಿಂದ ಬಂದಿದ್ದು, ಹಾರ್ಮೋನೇ ಬದಲಾಗತ್ತೆ ಅಂದಿದ್ರು. 2015ರಲ್ಲಿ ಇನ್ನೂ ಜಾಸ್ತಿ ಜನರ ಮೇಲೆ ಮತ್ತೆ ಮಾಡಿದಾಗ ಹಾರ್ಮೋನೂ ಬದಲಾಗ್ಲಿಲ್ಲ ನಡವಳಿಕೆನೂ ಬದಲಾಗ್ಲಿಲ್ಲ, 2016ರಲ್ಲಿ ಮೂಲ ಸಂಶೋಧಕರಲ್ಲಿ ಒಬ್ರಾದ ಡೇನಾ ಕಾರ್ನಿ ಅವ್ರೇ ನನಗೆ ಇದರಲ್ಲಿ ನಂಬಿಕೆ ಇಲ್ಲ ಅಂತ ಬಹಿರಂಗವಾಗಿ ಹೇಳಿಬಿಟ್ರು. ಆದ್ರೂ ಇದನ್ನ ಇನ್ನೂ ಫೀಸ್ ತಗೊಂಡು ಹೇಳ್ಕೊಡೋರಿದ್ದಾರೆ. ಅದರ ಬದಲು ಉಸಿರು ಎಳ್ಕೊಳ್ಳೋದಕ್ಕಿಂತ ಬಿಡೋದನ್ನ ಉದ್ದ ಮಾಡಿ, ಉಸಿರು ಬಿಡ್ವಾಗ ಹೃದಯದ ಬಡಿತ ಸಹಜವಾಗೇ ಸ್ವಲ್ಪ ನಿಧಾನ ಆಗತ್ತೆ. ದುಡ್ಡೂ ಬೇಡ.

ಹೆಜ್ಜೆ 5: ನಂಬರ್

ಮನೇಲೇ ಮೂರು ನಂಬರ್ ಬರ್ಕೊಳ್ಳಿ. ಇದಕ್ಕಿಂತ ಕಮ್ಮಿ ಆದ್ರೆ ಎದ್ದು ಬರ್ತೀನಿ ಅನ್ನೋದು ಒಂದು, ಇಷ್ಟು ಸಿಕ್ಕಿದ್ರೆ ಖುಷಿ ಅನ್ನೋದು ಒಂದು, ಬಾಯಿಂದ ಮೊದಲು ಹೇಳೋದು ಒಂದು. ಮೂರನೇದು ಎರಡನೇದಕ್ಕಿಂತ ಮೇಲಿರ್ಬೇಕು, ಆದ್ರೆ ಯಾಕೆ ಅಂತ ಕೇಳಿದ್ರೆ ನಗು ಬರದೆ ಕಾರಣ ಕೊಡೋ ಥರ ಇರ್ಬೇಕು. ಮಾರ್ಕೆಟ್ಟಲ್ಲಿ ಎಷ್ಟಿದೆ ಅಂತ ತಿಳ್ಕೊಳ್ಳೋಕೆ ಸಂಬಳದ ವೆಬ್‌ಸೈಟ್ ಒಂದನ್ನೇ ನಂಬ್ಬೇಡಿ, ಅದೇ ಕೆಲಸದಲ್ಲಿರೋ ಮೂರ್ನಾಲ್ಕು ಜನರನ್ನ ಕೇಳಿ. "ನಿಂಗೆಷ್ಟು ಸಂಬಳ" ಅಂದ್ರೆ ಮುಖ ತಿರುಗಿಸ್ತಾರೆ, "ಇಷ್ಟು ಅನುಭವ ಇರೋರಿಗೆ ಈ ಕೆಲಸಕ್ಕೆ ಎಷ್ಟು ಕೇಳ್ಬಹುದು" ಅಂದ್ರೆ ಬಾಯಿ ತುಂಬ ಹೇಳ್ತಾರೆ.

ಮೊದಲು ಬಿದ್ದ ನಂಬರ್ ಎಷ್ಟು ಎಳೀತದೆ ಅನ್ನೋಕೆ ಟ್ವೆರ್ಸ್‌ಕಿ ಮತ್ತು ಕಾನೆಮನ್ ಅನ್ನೋ ಮನಃಶಾಸ್ತ್ರಜ್ಞರು 1974ರಲ್ಲಿ ಬರೆದ ಒಂದು ಪ್ರಯೋಗ ಇದೆ. ಒಂದು ಚಕ್ರ ತಿರುಗಿಸಿ, ಅದು 10 ಅಥವಾ 65ಕ್ಕೇ ನಿಲ್ಲೋ ಹಾಗೆ ಮೊದಲೇ ಮಾಡಿಟ್ಟು, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದ್ರು. 10 ನೋಡಿದೋರ ಅಂದಾಜು 25ರ ಹತ್ರ, 65 ನೋಡಿದೋರದ್ದು 45ರ ಹತ್ರ. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ ಹೇಳಿ. ಸಂಬಂಧವೇ ಇಲ್ಲದ ನಂಬರ್ ಇಷ್ಟು ಎಳೀಬೇಕಾದ್ರೆ ನೀವಾಗೇ ಹೇಳಿದ ನಂಬರ್ ಎಷ್ಟು ಎಳೀಬೇಡ! ಅದಕ್ಕೇ ತಯಾರಿ ಇದ್ರೆ ಮೊದಲು ನೀವೇ ಹೇಳಿ ಅಂತೀನಿ ನಾನು. ತಯಾರಿ ಇಲ್ಲದಿದ್ರೆ ಮಾತ್ರ "ಈ ಹುದ್ದೆಗೆ ನೀವು ಇಟ್ಟಿರೋ ಬಜೆಟ್ ಎಷ್ಟು" ಅಂತ ಅವ್ರಿಂದ ಹೊರಡಿಸಿ.

"ಇಷ್ಟರಿಂದ ಇಷ್ಟು" ಅಂತ ರೇಂಜ್ ಹೇಳಿದ್ರೆ ಎದುರಿನವ್ರ ಕಿವಿಗೆ ಬೀಳೋದು ಕೆಳಗಿನ ತುದಿ. ಹೇಳಲೇಬೇಕು ಅಂದ್ರೆ ನಿಮಗೆ ಬೇಕಾದ ನಂಬರನ್ನೇ ಕೆಳಗಿನ ತುದಿಗೆ ಇಡಿ.

ಈಗ ವಾಕ್ಯ. "ಈ ಕೆಲಸದ ಜವಾಬ್ದಾರಿ, ನನ್ನ ಅನುಭವ ನೋಡಿ ನಾನು ಇಷ್ಟು ನಿರೀಕ್ಷೆ ಮಾಡ್ತಿದ್ದೀನಿ." ಅಲ್ಲಿಗೆ ಫುಲ್‌ಸ್ಟಾಪ್. ಈ ವಾಕ್ಯದಲ್ಲಿ ಇರ್ಬಾರ್ದ ಮಾತುಗಳು ಇವು: ಸ್ವಲ್ಪ, ಆದ್ರೆ, ನಿಮಗೆ ತೊಂದ್ರೆ ಇಲ್ಲಾಂದ್ರೆ, ನೀವೇ ನೋಡಿ ಮಾಡಿ, ಹೆಚ್ಚು ಅನ್ಸಿದ್ರೆ ಹೇಳಿ. ಕೊನೇ ಪದ ಹೇಳ್ವಾಗ ದನಿ ಮೇಲೆ ಹೋದ್ರೆ ಅದು ಪ್ರಶ್ನೆ ಆಗತ್ತೆ, ಕೆಳಗೆ ಇಳಿಸಿ. ರೆಕಾರ್ಡಿಂಗಲ್ಲಿ ಇದನ್ನ ಮಾತ್ರ ಹತ್ತು ಸಲ ಕೇಳಿ, ಒಂಬತ್ತು ಸಲ ಮೇಲೆ ಹೋಗಿರತ್ತೆ.

ಆಮೇಲೆ ಸುಮ್ನಿರಿ. ಕಷ್ಟ ಇರೋದೇ ಇಲ್ಲಿ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದು ನೋಡಿದ್ರು, ಒಬ್ರು ಪ್ರಶ್ನೆ ಕೇಳಿ ಮುಗಿಸಿ ಇನ್ನೊಬ್ರು ಉತ್ತರ ಶುರು ಮಾಡೋ ನಡುವೆ ಇರೋ ಅಂತರ ಸರಾಸರಿ 200 ಮಿಲಿಸೆಕೆಂಡ್ ಹತ್ರ, ಅಂದ್ರೆ ಸೆಕೆಂಡಿನ ಐದನೇ ಒಂದು ಭಾಗ. ನಾವೆಲ್ಲ ಆ ವೇಗಕ್ಕೆ ಒಗ್ಗಿರೋರು, ಹಂಗಾಗಿ ಎದುರಿನವ್ರು ಮೂರು ಸೆಕೆಂಡ್ ಮಾತಾಡ್ಲಿಲ್ಲ ಅಂದ್ರೆ ಏನೋ ಕೆಟ್ಟೋಯ್ತು ಅಂತ ಅನ್ಸತ್ತೆ, ಆ ಖಾಲಿ ಜಾಗ ತುಂಬೋಕೆ ಬಾಯಿಗೆ ಬಂದಿದ್ದು ಹೇಳಿಬಿಡ್ತೀವಿ. ಅಲ್ಲಿ ನಡೀತಿರೋದು ಏನು ಗೊತ್ತಾ? ನಾನು ಬಜೆಟ್ ಶೀಟಿನ ಸಾಲು ನೆನಪು ಮಾಡ್ಕೊಳ್ತಿರ್ತೀನಿ, ಯಾರ ಹತ್ರ ಸೈನ್ ಹಾಕಿಸ್ಬೇಕು ಅಂತ ಯೋಚಿಸ್ತಿರ್ತೀನಿ, ಇಲ್ಲಾ ಪೆನ್ ಹುಡುಕ್ತಿರ್ತೀನಿ.

ಪ್ರಾಕ್ಟೀಸ್ ಹೀಗೆ ಮಾಡಿ. ಒಬ್ಬ ಫ್ರೆಂಡನ್ನ ಎದುರು ಕೂರಿಸ್ಕೊಳ್ಳಿ, ನಂಬರ್ ಹೇಳಿ, ಅವ್ರು ಹತ್ತು ಸೆಕೆಂಡ್ ಏನೂ ಮಾತಾಡ್ದೆ ನಿಮ್ಮ ಮುಖ ನೋಡ್ತಾ ಇರ್ಬೇಕು. ನಗು ಬರತ್ತೆ, ಮೊದಲ ಐದು ಸಲ ಇಬ್ರೂ ನಗ್ತೀರಿ. ಆರನೇ ಸಲ ನಗು ನಿಲ್ಲತ್ತೆ, ಅಲ್ಲಿಂದ ಪ್ರಾಕ್ಟೀಸ್ ಶುರು. ಎದುರಿಗೆ ನೀರಿದ್ರೆ ನಂಬರ್ ಹೇಳಿದ ತಕ್ಷಣ ಒಂದು ಗುಟುಕು ಕುಡೀರಿ, ಬಾಯಲ್ಲಿ ನೀರಿದ್ರೆ ಡಿಸ್ಕೌಂಟ್ ಕೊಡೋಕಾಗಲ್ಲ. ವಿಡಿಯೋ ಕಾಲಲ್ಲಿ ಇನ್ನೂ ಕಷ್ಟ, ನೆಟ್ ನಿಂತೋಯ್ತೇನೋ ಅಂತ "ಹಲೋ ಹಲೋ" ಅನ್ಬೇಡಿ.

ಈಗಿನ ಸಂಬಳ ಎಷ್ಟು ಅಂತ ಕೇಳಿದ್ರೆ? ಕೆಲವು ಕಡೆ ಹಾಗೆ ಕೇಳೋದನ್ನೇ ಕಾನೂನು ನಿಷೇಧಿಸಿದೆ. ಉಳಿದ ಕಡೆ "ಈ ಕೆಲಸದ ಮೇಲೆ ಮಾತಾಡೋಣ, ನನ್ನ ನಿರೀಕ್ಷೆ ಇಷ್ಟು" ಅಂತ ಒಂದ್ಸಲ ತಿರುಗಿಸಿ ನೋಡಿ, ಮತ್ತೆ ಕೇಳಿದ್ರೆ ಹೇಳಿ. ಸುಳ್ಳು ಮಾತ್ರ ಬೇಡ, ಸ್ಯಾಲರಿ ಸ್ಲಿಪ್ ಕೇಳ್ತಾರೆ, ಸಿಕ್ಕಿಬೀಳ್ತೀರಿ.

ಇಷ್ಟೆಲ್ಲ ಯಾಕೆ ಅನ್ನೋರಿಗೆ ಒಂದು ಲೆಕ್ಕ. ಒಬ್ರು 100ಕ್ಕೆ ಸೇರಿದ್ರು, ಇನ್ನೊಬ್ರು ಬಾಯಿ ಬಿಟ್ಟು ಕೇಳಿ 110ಕ್ಕೆ. ಇಬ್ರಿಗೂ ವರ್ಷಕ್ಕೆ 5 ಪರ್ಸೆಂಟೇ ಹೈಕ್ ಅಂದ್ರೂ ಹತ್ತು ವರ್ಷಕ್ಕೆ ಮೊದಲನೆಯವ್ರು 163ರ ಹತ್ರ, ಎರಡನೆಯವ್ರು 179. ಶುರುವಲ್ಲಿ 10 ಇದ್ದ ವ್ಯತ್ಯಾಸ 16 ಆಯ್ತು.

ಹೆಜ್ಜೆ 6: ಇರೋ ಕೆಲಸದಲ್ಲೇ ಹೈಕ್ ಕೇಳೋದು

ನಾನು ಮೊದಲ ಸಲ ಕೇಳಿದ್ದು ಲಿಫ್ಟಲ್ಲಿ. ಬಾಸ್ ಒಬ್ರೇ ಸಿಕ್ಕಿದ್ರು, ಧೈರ್ಯ ಬಂತು, ಕೇಳ್ಬಿಟ್ಟೆ, "ನೋಡೋಣ" ಅಂದು ಮೂರನೇ ಮಹಡೀಲಿ ಇಳ್ಕೊಂಡ್ರು. ಎರಡು ವರ್ಷ ನೋಡಿದ್ರು. ಹಾಗಾಗಿ ಲಿಫ್ಟ್, ಪಾರ್ಕಿಂಗ್, ಯಾರದ್ದೋ ಸೆಂಡಾಫ್ ಪಾರ್ಟಿ ಯಾವುದೂ ಬೇಡ. "ನನ್ನ ಕೆಲಸ ಮತ್ತು ಸಂಬಳದ ಬಗ್ಗೆ ಮಾತಾಡ್ಬೇಕಿತ್ತು, ಅರ್ಧ ಗಂಟೆ ಟೈಮ್ ಕೊಡ್ತೀರಾ" ಅಂತ ವಿಷಯ ಹೇಳಿಯೇ ಟೈಮ್ ತಗೊಳ್ಳಿ, ಅವ್ರೂ ತಯಾರಾಗಿ ಬರ್ಲಿ. ಅಪ್ರೈಸಲ್ ಮೀಟಿಂಗಿನ ದಿನ, ಅಂದ್ರೆ ನಿಮ್ಮ ಕೆಲಸ ಅಳೆದು ಹೇಳೋ ದಿನ, ಕೇಳಿದ್ರೆ ತಡ ಆಯ್ತು ಅಂತಲೇ ಅರ್ಥ, ಅಷ್ಟೊತ್ತಿಗೆ ಮೇಲಿನವ್ರು ದುಡ್ಡು ಹಂಚಿ ಮುಗಿಸಿರ್ತಾರೆ. ಎರಡು ಮೂರು ತಿಂಗಳು ಮುಂಚೆ ಹೋಗಿ.

ಮನೆ ಬಾಡಿಗೆ ಜಾಸ್ತಿ ಆಯ್ತು, ಸಾಲ ಇದೆ ಅನ್ನೋ ಕಾರಣ ನಿಜ ಇರ್ಬಹುದು, ಆದ್ರೆ ಅದನ್ನ ಇಟ್ಕೊಂಡು ನಿಮ್ಮ ಬಾಸ್ ಮೇಲಿನವ್ರ ಹತ್ರ ವಾದ ಮಾಡೋಕಾಗಲ್ಲ. ಪಕ್ಕದ ಸೀಟಿನವ್ರ ಸಂಬಳದ ಮಾತಂತೂ ಎತ್ತಲೇಬೇಡಿ, ಮಿಕ್ಕ ಅರ್ಧ ಗಂಟೆ ನಿಮಗೆ ಅದು ಹೇಗೆ ಗೊತ್ತಾಯ್ತು ಅನ್ನೋದ್ರಲ್ಲೇ ಹೋಗತ್ತೆ. ನೋಟ್‌ಬುಕ್ಕಿಂದ ಮೂರು ವಿಷಯ, ಒಂದು ನಂಬರ್, ಆಮೇಲೆ ಮೌನ.

ಹೆಣ್ಮಕ್ಕಳಿಗೆ ಒಂದು ಮಾತು ಮುಚ್ಚಿಡಬಾರದು. ಹೀಗೆ ಕೇಳಿದ ಹೆಂಗಸ್ರನ್ನ "ಇವ್ರ ಜೊತೆ ಕೆಲಸ ಮಾಡೋದು ಕಷ್ಟ" ಅಂತ ನೋಡೋದು ಗಂಡಸ್ರಿಗಿಂತ ಹೆಚ್ಚು ಅಂತ ಹ್ಯಾನ್ನಾ ರೈಲಿ ಬೌಲ್ಸ್ ಮತ್ತು ಜೊತೆಯವ್ರ 2007ರ ಅಧ್ಯಯನದಲ್ಲಿ ಕಂಡಿದೆ. ಅಂದ್ರೆ ಹಿಂಜರಿಕೆ ನಿಮ್ಮ ಕಲ್ಪನೆ ಅಲ್ಲ. "ಇದು ಟೀಮಿಗೆ ಹೇಗೆ ಉಪಯೋಗ ಆಯ್ತು ಅಂದ್ರೆ" ಅಂತ ಸೇರಿಸಿ ಹೇಳಿದ್ರೆ ಆ ಅಸಮಾಧಾನ ಸ್ವಲ್ಪ ತಗ್ಗತ್ತೆ, ಹಾಗೆ ಹೇಳ್ಬೇಕಾಗಿ ಬರೋದು ಅನ್ಯಾಯವೇ, ಆದ್ರೂ ಕೇಳೋದು ಬಿಡ್ಬೇಡಿ.

ಬೇರೆ ಕಂಪನಿ ಆಫರ್ ಇದೆ ಅಂತ ಸುಳ್ಳು ಬೆದರಿಕೆ ಹಾಕೋ ಶಾರ್ಟ್‌ಕಟ್ ಬೇಡ. "ಕಂಗ್ರಾಜುಲೇಷನ್ಸ್, ಯಾವಾಗ ಹೊರಡ್ತೀರಿ" ಅಂದ್ರೆ ಏನ್ಮಾಡ್ತೀರಿ?

"ಈಗ ಬಜೆಟ್ ಇಲ್ಲ" ಅಂದ್ರೆ ಎದ್ದು ಬರ್ಬೇಡಿ. "ಸರಿ, ನಾನು ಏನು ಮಾಡಿ ತೋರಿಸಿದ್ರೆ ಇದು ಆಗತ್ತೆ, ಮತ್ತೆ ಯಾವಾಗ ಮಾತಾಡೋಣ" ಅಂತ ಕೇಳಿ. ತಾರೀಖು ಹೇಳೋವರೆಗೂ ಇಲ್ಲೂ ಸುಮ್ನಿರ್ಬೇಕು. ಅದೇ ದಿನ ಸಂಜೆ ನಾಲ್ಕು ಸಾಲಿನ ಮೇಲ್ ಹಾಕಿ: ಇವತ್ತು ಮಾತಾಡಿದ್ದು ಇದು, ನಾನು ಮಾಡ್ಬೇಕಾದ್ದು ಇದು, ಮತ್ತೆ ಕೂರೋದು ಈ ತಾರೀಖಿಗೆ, ಥ್ಯಾಂಕ್ಯೂ. ಆ ತಾರೀಖನ್ನ ಅವ್ರ ಕ್ಯಾಲೆಂಡರಲ್ಲೂ ನೀವೇ ಬ್ಲಾಕ್ ಮಾಡ್ಬಿಡಿ, ಅವ್ರು ಮಾಡಲ್ಲ.