ಬೈಲಾ ಅನ್ನೋ ಪದದ ಬೇರು ಹಿಡಿಯೋದು ಹೇಗೆ

ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ, ಸೊಸೈಟಿ ಎಲೆಕ್ಷನ್ನಲ್ಲಿ ಎಲ್ರೂ ಬೈಲಾ ಬೈಲಾ ಅಂತಿರ್ತಾರೆ (ಇಂಗ್ಲಿಷಿನ by-law, ಸಂಘ ತನಗೆ ತಾನೇ ಮಾಡ್ಕೊಳ್ಳೋ ನಿಯಮ), ಕನ್ನಡದಲ್ಲಿ ಬರೆಯೋವಾಗ ಉಪವಿಧಿ ಅಂತ ಹಾಕ್ತಾರೆ, ಹಾಗಾಗಿ ಬೈ ಅಂದ್ರೆ ಪಕ್ಕದ್ದು, ಚಿಕ್ಕದು ಅಂತ್ಲೇ ಸುಮಾರು ಜನ ಅಂದ್ಕೊಂಡಿರ್ತಾರೆ. ಬೇರು ಬೇಕಂದ್ರೆ ಮೊದ್ಲು ಈಗಿನ ಸ್ಪೆಲ್ಲಿಂಗ್ ಮರ್ತುಬಿಡಿ.

ಹಳೇ ರೂಪ ಹುಡುಕಿ. 9ನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯ ವೈಕಿಂಗರು ಬಂದು ನೆಲೆ ನಿಂತ್ರು ನೋಡಿ, ಅವರ ಮಾತಲ್ಲಿ ಬೀರ್ ಅಂದ್ರೆ ಊರು, ಲೊಗ್ ಅಂದ್ರೆ ಕಾನೂನು (ಇಂಗ್ಲಿಷಿನ ಲಾ ಕೂಡ ಅವರಿಂದ್ಲೇ ಬಂದಿದ್ದು), ಎರಡೂ ಸೇರಿ ಊರ ಕಟ್ಟಳೆ, ಬೈಲಾದ ಬೇರು ಇದೇ. ನಾರ್ವೆಯಲ್ಲಿ ರಾಜ ಮಾಗ್ನುಸ್ 1276ರಲ್ಲಿ ಬೆರ್ಗನ್ ಪಟ್ಟಣಕ್ಕೆ ಮಾಡಿದ ಕಾನೂನನ್ನ ಈಗ್ಲೂ ಬೀಲೋವ್ (bylov) ಅಂತಾನೇ ಕರೀತಾರೆ.

ಆಮೇಲೆ ಮ್ಯಾಪ್ ತೆಗೀರಿ. ನಮ್ಮಲ್ಲಿ ತುಮಕೂರು, ಮಂಗಳೂರು ಅಂತ ಕೊನೇಲಿ ಊರು ಅಂಟ್ಕೊಂಡಿರೋ ಹಾಗೆ ಇಂಗ್ಲೆಂಡಲ್ಲಿ ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ, ಕೊನೇಲಿರೋ ಬಿ ಅಂದ್ರೆ ಅದೇ ಬೀರ್. ಗ್ರಿಮ್ಸ್‌ಬಿ ಅಂದ್ರೆ ಗ್ರಿಮ್ ಅನ್ನೋನ ಊರು. ಆದ್ರೆ ಬಿ ಕಂಡಲ್ಲೆಲ್ಲ ನಂಬ್ಬೇಡಿ, ರಗ್ಬಿ ಊರಿನ ಹೆಸ್ರು 1086ರ ಡೂಮ್ಸ್‌ಡೇ ಅನ್ನೋ ಇಂಗ್ಲೆಂಡಿನ ಜಮೀನು ಲೆಕ್ಕದ ದಾಖಲೇಲಿ ರೋಚ್‌ಬೆರಿ ಅಂತಿದೆ, ಆ ಬಿ ಆಮೇಲೆ ಸೇರ್ಕೊಂಡಿದ್ದು. ನನಗಂತೂ ಇದೇ ಮಜಾ ಭಾಗ. ಶೆಫೀಲ್ಡ್ ಕಡೆ ಎಕ್ಲ್‌ಸಾಲ್ ಬಿಯರ್‌ಲೋ ಅಂತ ಹಳೇ ಹೆಸ್ರಿದೆ, ಆ ಬಿಯರ್‌ಲೋನೂ ಇದೇ ಮನೆತನದ್ದು, ಅಂದ್ರೆ ಊರ ಕಟ್ಟಳೆ ನಡೀತಿದ್ದ ಸೀಮೆಗೇ ಕಟ್ಟಳೆಯ ಹೆಸ್ರು ಬಿದ್ದಿದೆ. ಯಾರ ದನ ಯಾವಾಗ ಯಾರ ಹೊಲಕ್ಕೆ ಬಿಡ್ಬಹುದು ಅನ್ನೋ ಥರದ್ದನ್ನೆಲ್ಲ ಊರವ್ರೇ ಕೂತು ತೀರ್ಮಾನ ಮಾಡ್ಕೊಳ್ತಿದ್ರು.

ಕಾಲ ಕಳೀತಾ ಬೈ ಅಂದ್ರೆ ಪಕ್ಕದ್ದು ಅನ್ನೋ ಅರ್ಥ ಮೇಲೆ ಕೂತ್ಕೊಳ್ತು. ಹಾಗಂತ ಉಪವಿಧಿ ಅನ್ನೋದನ್ನ ತಪ್ಪು ಅನ್ನೋಕಾಗಲ್ಲ, ಇವತ್ತಿನ ಬೈಲಾ ನಿಜವಾಗ್ಲೂ ಒಂದು ಆಕ್ಟಿನ ಕೆಳಗೇ ಬರುತ್ತೆ.

ಅದಕ್ಕೇ ಕೈಗೆ ಒಂದು ಬೈಲಾ ಸಿಕ್ರೆ ಅದು ಯಾವ ಕಾಯ್ದೆ ಕೆಳಗೆ ಆಗಿದ್ದು ನೋಡಿ. ಸಹಕಾರ ಸಂಘ ಆದ್ರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, ಅಲ್ಲಿ ಬೈಲಾ ತಿದ್ದುಪಡಿ ರಿಜಿಸ್ಟರ್ ಆಗ್ದೇ ಜಾರಿಗೆ ಬರಲ್ಲ. ಕಮಿಟಿಯವ್ರು ಇದು ಹೊಸ ಬೈಲಾ ಅಂದ್ರೆ ರಿಜಿಸ್ಟರ್ ಆದ ಕಾಪಿ ಕೊಡಿ ಸಾರ್ ಅಂತ ಕೇಳಿ.