ತೊಡೆಸಂದಿನಿಂದ ಆಂಜಿಯೋಗ್ರಾಮ್: ಸೆಲ್ಡಿಂಗರ್ ವಿಧಾನದಲ್ಲಿ ನನ್ನ ಅನುಭವ

ರಕ್ತನಾಳದೊಳಗೆ ಕೊಳವೆ ಬಿಟ್ಟು ಹೃದಯ ಪರೀಕ್ಷಿಸುವ ಕ್ಯಾಥ್‌ಲ್ಯಾಬಿಗೆ ಹೊಸದಾಗಿ ಬರುವ ಕಿರಿಯ ವೈದ್ಯರಿಗೆ ಬಲೂನು, ಸ್ಟೆಂಟು ಕಲಿಯುವ ಆತುರ. ನಾನು ಅವರನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದು ಸೂಜಿಯ ಹತ್ತಿರ. ತೊಡೆಸಂದಿನ ದಾರಿಯಲ್ಲಿ ಮಾಡುವ ಆಂಜಿಯೋಗ್ರಾಮಿನಲ್ಲಿ ರೋಗಿಗೆ ತೊಂದರೆಯಾದರೆ ಅದು ಬಹುಮಟ್ಟಿಗೆ ಚುಚ್ಚಿದ ಜಾಗದಲ್ಲೇ ಆಗಿರುತ್ತದೆ, ಹೃದಯದ ಹತ್ತಿರ ಅಲ್ಲ.

ವೆರ್ನರ್ ಫೋರ್ಸ್‌ಮನ್ 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ತನ್ನದೇ ತೋಳಿನ ಅಭಿಧಮನಿಯಿಂದ ಹೃದಯದ ಬಲಭಾಗಕ್ಕೆ ಕೊಳವೆ ಹಾಕಿಕೊಂಡು ಎಕ್ಸ್‌ರೇ ತೆಗೆಸಿದರು. 1940ರ ದಶಕದಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕೂರ್ನಾನ್ ಮತ್ತು ರಿಚರ್ಡ್ಸ್ ಅದನ್ನು ನಂಬಬಹುದಾದ ಪರೀಕ್ಷೆಯಾಗಿ ಬೆಳೆಸಿದರು. ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಅಪಧಮನಿಯ ಕಷ್ಟ ಬೇರೆ. ಒಂದೋ ಚರ್ಮ ಕೊಯ್ದು ರಕ್ತನಾಳವನ್ನು ಹೊರಗೆ ತೆಗೆಯಬೇಕಿತ್ತು, ಇಲ್ಲವೇ ದಪ್ಪ ಸೂಜಿ ಚುಚ್ಚಿ ಅದರೊಳಗಿಂದ ಸಣ್ಣ ಕೊಳವೆ ತೂರಿಸಬೇಕಿತ್ತು. ಎರಡನೆಯದರಲ್ಲಿ ತೂತು ದೊಡ್ಡದು, ಕೊಳವೆ ಸಣ್ಣದು. ಸೂಜಿ ತೆಗೆದ ಮೇಲೆ ಕೊಳವೆಯ ಸುತ್ತ ರಕ್ತ ಸೋರುತ್ತಿತ್ತು. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯ ರೇಡಿಯಾಲಜಿಸ್ಟ್ ಸ್ವೆನ್ ಐವರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನ ಕೆಲಸದ ಕ್ರಮವನ್ನೇ ಬದಲಿಸಿತು: ಸೂಜಿ ಚುಚ್ಚಿ, ಅದರೊಳಗೆ ತಂತಿ ಬಿಟ್ಟು, ಸೂಜಿ ತೆಗೆದು, ತಂತಿಯ ಮೇಲೆ ಕೊಳವೆ ಏರಿಸುವುದು. ಸೂಜಿಯಷ್ಟೇ ದಪ್ಪದ ಕೊಳವೆ ಒಳಗೆ ಹೋಗುವುದರಿಂದ ತೂತನ್ನು ಕೊಳವೆಯೇ ಮುಚ್ಚುತ್ತದೆ. ಈಗಲೂ ನಾವು ಮಾಡುವುದು ಇದನ್ನೇ.

ಮೊದಲ ಪ್ರಶ್ನೆ ಎಲ್ಲಿ ಚುಚ್ಚಬೇಕು ಎಂಬುದು. ತೊಡೆಸಂದಿನ ಚರ್ಮದ ಮಡಿಕೆಯನ್ನು ನಂಬಬೇಡಿ. ದಪ್ಪ ಮೈಯವರಲ್ಲಿ ಅದು ಬಹಳ ಕೆಳಗೆ ಜಾರಿರುತ್ತದೆ. ಕತ್ತರಿಯ ತುದಿಯನ್ನು ಚರ್ಮದ ಮೇಲಿಟ್ಟು ಫ್ಲೋರೋಸ್ಕೋಪಿಯಲ್ಲಿ (ಪರದೆಯ ಮೇಲೆ ನೇರವಾಗಿ ಕಾಣುವ ಎಕ್ಸ್‌ರೇ) ತೊಡೆಮೂಳೆಯ ತಲೆಯನ್ನು ನೋಡಿ. ಸೂಜಿ ಅಪಧಮನಿಯನ್ನು ಸೇರಬೇಕಾದದ್ದು ಆ ತಲೆಯ ನಡುಭಾಗದ ಮಟ್ಟದಲ್ಲಿ. ಅಲ್ಲಿ ರಕ್ತನಾಳ ದೊಡ್ಡದಿರುತ್ತದೆ, ಕೆಳಗೆ ಮೂಳೆಯ ಆಸರೆ ಇರುವುದರಿಂದ ಆಮೇಲೆ ಅದುಮಲೂ ಬರುತ್ತದೆ. ಇದಕ್ಕಿಂತ ಮೇಲೆ ಚುಚ್ಚಿದರೆ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರಬಹುದು, ಅದುಮಲು ಅಲ್ಲಿ ಆಧಾರವೇ ಇಲ್ಲ. ಕೆಳಗೆ ಚುಚ್ಚಿದರೆ ಅಪಧಮನಿ ಕವಲೊಡೆದ ಮೇಲಿನ ಸಣ್ಣ ನಾಳ ಸಿಗುತ್ತದೆ. ತೂತಿನಿಂದ ಸೋರಿದ ರಕ್ತ ನಾಳದ ಪಕ್ಕ ಚೀಲದಂತೆ ನಿಲ್ಲುವ ಸೂಡೋಅನ್ಯೂರಿಸಂ, ಅಪಧಮನಿ ಅಭಿಧಮನಿ ಬೆಸೆದುಕೊಳ್ಳುವ ಫಿಸ್ಟುಲಾ, ಇವು ಹೆಚ್ಚಾಗಿ ಬರುವುದು ಅಲ್ಲಿಂದಲೇ.

ಅಲ್ಟ್ರಾಸೌಂಡ್ ಇದ್ದರೆ ಉಪಯೋಗಿಸದಿರಲು ಕಾರಣವೇ ಇಲ್ಲ. ಪ್ರೋಬನ್ನು ಮೆಲ್ಲಗೆ ಒತ್ತಿದರೆ ಅಭಿಧಮನಿ ಚಪ್ಪಟೆಯಾಗುತ್ತದೆ, ಅಪಧಮನಿ ಮಿಡಿಯುತ್ತಲೇ ಇರುತ್ತದೆ. ಕವಲು ಎಲ್ಲಿದೆ, ಮುಂದಿನ ಗೋಡೆಯಲ್ಲಿ ಸುಣ್ಣ ಕಟ್ಟಿದೆಯೇ ಎಂದೂ ಕಾಣುತ್ತದೆ.

ಜಾಗ ಮರಗಟ್ಟಿಸಲು 1% ಲಿಗ್ನೊಕೇನ್ 10ರಿಂದ 15 ಮಿ.ಲೀ. ಸಾಕು. ಮೊದಲು ಚರ್ಮದಡಿ, ಆಮೇಲೆ ಆಳದಲ್ಲಿ, ಪ್ರತಿ ಸಲವೂ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಎಂದು ನೋಡಿಕೊಂಡೇ ಕೊಡಬೇಕು. ಮದ್ದು ಹಿಡಿಯಲು ಎರಡು ಮೂರು ನಿಮಿಷ ಬಿಡಿ. ಅವಸರ ಮಾಡಿದರೆ ರೋಗಿ ನೋವಿಗೆ ಬೆಚ್ಚುತ್ತಾರೆ, ಕೆಲವರಿಗೆ ನಾಡಿಯೂ ರಕ್ತದೊತ್ತಡವೂ ಒಟ್ಟಿಗೆ ಇಳಿಯುತ್ತವೆ. ಹಾಗಾದರೆ ಕಾಲು ಮೇಲೆತ್ತಿ, ಸಲೈನ್ ವೇಗವಾಗಿ ಹರಿಸಿ, ನಾಡಿ ಏರಿಸುವ ಅಟ್ರೋಪಿನ್ 0.6 ಮಿ.ಗ್ರಾಂ. ಕೊಡಬೇಕು.

ಸೂಜಿ 18 ಗೇಜ್, ಚರ್ಮಕ್ಕೆ ಸುಮಾರು 45 ಡಿಗ್ರಿ ಓರೆ. ಸೆಲ್ಡಿಂಗರ್ ಕಾಲದಲ್ಲಿ ಸೂಜಿಯನ್ನು ಅಪಧಮನಿಯ ಎರಡೂ ಗೋಡೆ ದಾಟಿಸಿ, ರಕ್ತ ಚಿಮ್ಮುವವರೆಗೆ ಹಿಂದಕ್ಕೆಳೆಯುತ್ತಿದ್ದರು. ನಾನು ಮುಂದಿನ ಗೋಡೆಯನ್ನು ಮಾತ್ರ ಚುಚ್ಚುತ್ತೇನೆ, ಏಕೆಂದರೆ ಹಿಂದಿನ ಗೋಡೆಯ ತೂತನ್ನು ಅದುಮಲು ಬೆರಳಿಗೆ ಎಟುಕುವುದಿಲ್ಲ. ರಕ್ತ ಮಿಡಿತದೊಂದಿಗೆ ಚಿಮ್ಮಬೇಕು. ತೊಟ್ಟಿಕ್ಕಿದರೆ ಸೂಜಿಯ ತುದಿ ಗೋಡೆಗೆ ತಾಗಿದೆ ಎಂದೇ ತಿಳಿಯಿರಿ, ತಂತಿ ಹಾಕಬೇಡಿ.

ತಂತಿ 0.035 ಇಂಚಿನದು, ತುದಿ 'ಜೆ' ಆಕಾರದಲ್ಲಿ ಬಾಗಿದ್ದು. ಸರಿಯಾದ ಜಾಗದಲ್ಲಿದ್ದರೆ ಅದು ತಡೆಯೇ ಇಲ್ಲದೆ ಹೋಗುತ್ತದೆ. ತಡೆ ಸಿಕ್ಕಿತೋ, ಅಲ್ಲಿಗೇ ನಿಲ್ಲಿಸಿ. ಒತ್ತಿ ತಳ್ಳಿದರೆ ತಂತಿ ಗೋಡೆಯ ಪದರಗಳ ನಡುವೆ ನುಗ್ಗಿ ನಾಳವನ್ನು ಒಳಗೇ ಸೀಳುತ್ತದೆ. ಫ್ಲೋರೋಸ್ಕೋಪಿಯಲ್ಲಿ ನೋಡಿ, ಸೂಜಿಯ ಹಿಂಬದಿಯನ್ನು ತುಸು ತಗ್ಗಿಸಿ ಮತ್ತೆ ಪ್ರಯತ್ನಿಸಿ. ಆಗಲೂ ಹೋಗದಿದ್ದರೆ, ಹಿಂದೆ ಬರುವಾಗ ತಂತಿ ಸೂಜಿಗೆ ಸಿಕ್ಕಿಕೊಂಡ ಹಾಗಾದರೆ, ತಂತಿಯೊಂದನ್ನೇ ಎಳೆಯದೆ ಸೂಜಿ, ತಂತಿ ಎರಡನ್ನೂ ಒಟ್ಟಿಗೆ ಹೊರತೆಗೆದು ಐದು ನಿಮಿಷ ಅದುಮಿ. ಸೂಜಿಯ ಚೂಪು ಅಂಚಿಗೆ ತಂತಿಯ ಸುರುಳಿ ಬಿಚ್ಚಿಕೊಳ್ಳಬಹುದು. ಒದ್ದೆಯಾದಾಗ ಜಾರುವ ಹೈಡ್ರೋಫಿಲಿಕ್ ಲೇಪನದ ತಂತಿಯನ್ನು ಲೋಹದ ಸೂಜಿಯಲ್ಲಿ ಹಾಕುವುದೇ ಬೇಡ. ಲೇಪನ ಕೆತ್ತಿ ಹೋಗಿ ರಕ್ತದಲ್ಲಿ ಉಳಿಯುತ್ತದೆ.

11ನೇ ನಂಬರಿನ ಬ್ಲೇಡಿನಿಂದ ಚರ್ಮವನ್ನು ಎರಡು ಮೂರು ಮಿ.ಮೀ. ಕೊಯ್ದು, ಸೂಜಿ ತೆಗೆದು, ಡೈಲೇಟರ್ (ದಾರಿ ಅಗಲಿಸುವ ಕೊಳವೆ) ಕೂಡಿಸಿದ ಶೀತನ್ನು (ಪರೀಕ್ಷೆಯ ಕೊಳವೆ ಒಳಹೋಗಲು ನಾಳದಲ್ಲಿ ಉಳಿಯುವ ಹೊರಕೊಳವೆ) ತಂತಿಯ ಮೇಲೆ ಏರಿಸಿ. ಚರ್ಮ ದಾಟಿಸುವ ಮೊದಲು ತಂತಿಯ ಹಿಂತುದಿ ಶೀತಿನ ಹಿಂದೆ ಕಾಣಬೇಕು, ಅದನ್ನು ಬೆರಳಲ್ಲಿ ಹಿಡಿದಿರಬೇಕು. ಈ ಒಂದು ನಿಯಮ ಮೀರಿದ್ದರಿಂದ ತಂತಿ ಪೂರ್ತಿ ರಕ್ತನಾಳದೊಳಗೆ ಹೋದದ್ದು ಅನೇಕ ಕಡೆ ಆಗಿದೆ. ಶೀತನ್ನು ಚರ್ಮದ ಹತ್ತಿರವೇ ಹಿಡಿದು, ಸ್ವಲ್ಪ ಸ್ವಲ್ಪ ತಿರುಗಿಸುತ್ತ ಒಳಗೆ ಬಿಡಿ. ನಡುನಡುವೆ ತಂತಿಯನ್ನು ಒಂದಿಷ್ಟು ಹಿಂದೆ ಮುಂದೆ ಆಡಿಸಿ ನೋಡಿ. ಸಲೀಸಾಗಿ ಆಡದಿದ್ದರೆ ಅದು ಮಡಚಿಕೊಂಡಿದೆ. ಮಡಚಿದ ತಂತಿಯ ಮೇಲೆ ಡೈಲೇಟರ್ ತಳ್ಳಿದರೆ ಅದು ತನ್ನದೇ ದಾರಿ ಕೊರೆಯುತ್ತದೆ.

ಅಳತೆಯ ಒಂದು ಮಾತು ಇಲ್ಲೇ ಹೇಳಬೇಕು. ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ಪರೀಕ್ಷೆಯ ಕೊಳವೆಗೆ, ಅಂದರೆ ಕ್ಯಾಥೆಟರಿಗೆ, ಬರೆದಿರುವ ಅಳತೆ ಅದರ ಹೊರಮೈಯದು, ಶೀತಿಗೆ ಬರೆದಿರುವುದು ಒಳಗಿನದು. ಹಾಗಾಗಿ 6 ಫ್ರೆಂಚ್ ಶೀತ್ ಮಾಡುವ ತೂತು 2 ಮಿ.ಮೀ.ಗಿಂತ ದೊಡ್ಡದೇ. ಬರಿಯ ಆಂಜಿಯೋಗ್ರಾಮಿಗೆ 5 ಫ್ರೆಂಚಿನಲ್ಲಿ ಕೆಲಸವಾಗುವಾಗ ಅಭ್ಯಾಸಬಲದಿಂದ ದೊಡ್ಡದು ಹಾಕುವುದನ್ನು ನಾನು ಒಪ್ಪುವುದಿಲ್ಲ. ಶೀತ್ ಕೂತ ಮೇಲೆ ಮೊದಲು ರಕ್ತ ಹಿಂದಕ್ಕೆಳೆದು, ಆಮೇಲಷ್ಟೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ಸಲೈನ್ ಬಿಡಬೇಕು.

ಶೀತ್ ತೆಗೆಯುವಾಗ ಬೆರಳು ಚರ್ಮದ ತೂತಿನ ಮೇಲಲ್ಲ, ಅದಕ್ಕಿಂತ ಒಂದೆರಡು ಸೆಂ.ಮೀ. ಮೇಲೆ ಇರಬೇಕು. ಸೂಜಿ ಓರೆಯಾಗಿ ಹೋದದ್ದರಿಂದ ಅಪಧಮನಿಯ ತೂತು ಅಲ್ಲಿದೆ. 6 ಫ್ರೆಂಚಿಗೆ 15ರಿಂದ 20 ನಿಮಿಷ ಅದುಮಿ, ನಡುವೆ ಎತ್ತಿ ನೋಡಬೇಡಿ. ಹೆಪಾರಿನ್ ಕೊಟ್ಟಿದ್ದರೆ ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 180 ಸೆಕೆಂಡಿಗಿಂತ ಕೆಳಗಿಳಿಯುವವರೆಗೆ ಕಾಯಿರಿ. ಆಮೇಲೆ ನಾಲ್ಕರಿಂದ ಆರು ಗಂಟೆ ಕಾಲು ಮಡಚದೆ ಮಲಗಬೇಕು. ಕೆಮ್ಮು ಬಂದರೆ ಆ ಜಾಗವನ್ನು ಕೈಯಿಂದ ಒತ್ತಿ ಹಿಡಿಯಲು ರೋಗಿಗೂ ಜೊತೆಯವರಿಗೂ ಹೇಳಿಕೊಡಿ.

ವಾರ್ಡಿನ ನರ್ಸುಗಳು ಪಾದದ ನಾಡಿ ನೋಡುತ್ತಾರೆ, ಬ್ಯಾಂಡೇಜು ನೋಡುತ್ತಾರೆ. ಬ್ಯಾಂಡೇಜು ಒಣಗಿದ್ದರೂ ರಕ್ತ ಒಳಗೆ ಸೋರುತ್ತಿರಬಹುದು. ಸೊಂಟ, ಬೆನ್ನು ಅಥವಾ ಕೆಳಹೊಟ್ಟೆ ನೋಯುತ್ತದೆ ಎಂದು ರೋಗಿ ಹೇಳಿ, ನಾಡಿ ಏರಿ, ಒತ್ತಡ ಇಳಿಯುತ್ತಿದ್ದರೆ ನೋವಿನ ಮಾತ್ರೆ ಕೊಟ್ಟು ಸುಮ್ಮನಿರಬೇಡಿ. ರಕ್ತ ತರಿಸಿಟ್ಟುಕೊಂಡು, ರೋಗಿ ತಾಳುವಂತಿದ್ದರೆ ಸಿಟಿ ಮಾಡಿಸಿ. ತಾಳದಿದ್ದರೆ ನೇರ ಕ್ಯಾಥ್‌ಲ್ಯಾಬಿಗೋ ಶಸ್ತ್ರಚಿಕಿತ್ಸೆಗೋ ಒಯ್ಯಬೇಕು.