ಹೆಡ್‌ಲೈಟ್ ಬದಲಾಯಿಸಿದ್ದು: ಮೂರು ಸಲ ಬಿಚ್ಚಿ ಕಟ್ಟಿದ ನನ್ನ ಅನುಭವ

ಕೊರಟಗೆರೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ತೋಟಗಳಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುತ್ತದೆ, ಮೋಟರ್ ಕೆಟ್ಟಿದೆ ಅಂತ ರೈತರಿಗೆ ಗೊತ್ತಾಗುವುದೂ ಆಗಲೇ. ಬೇಸಿಗೆಯಲ್ಲಿ ಅಡಿಕೆಗೆ ನೀರು ತಪ್ಪಿದರೆ ಗರಿ ಹಳದಿ ತಿರುಗುತ್ತದೆ, ಹಾಗಾಗಿ ಹನ್ನೊಂದು ಗಂಟೆಗೆ ಫೋನ್ ಬಂದರೂ ಹೊರಡುತ್ತೇನೆ. ಹೊಳವನಹಳ್ಳಿ ಕಡೆ, ಮಧುಗಿರಿ ಕಡೆ, ಸಾಮಾನು ತರಲು ತುಮಕೂರಿಗೆ. ರಸ್ತೆಯಲ್ಲಿ ಬೀದಿದೀಪ ಇಲ್ಲ, ಅಂಚಿನಲ್ಲಿ ಬಿಳಿ ಗೆರೆಯೂ ಇಲ್ಲ. ಹಂದಿ ಅಡ್ಡ ಬರುತ್ತದೆ, ರಾಗಿ ಹುಲ್ಲು ತುಂಬಿದ ಟ್ರ್ಯಾಕ್ಟರ್ ಹಿಂದೆ ಕೆಂಪು ದೀಪ ಇರುವುದಿಲ್ಲ. 2012ರ ಮಾಡೆಲ್ ಕಾರಿನಲ್ಲಿ ಹೀಗೆ ಓಡಾಡುವ ನನಗೆ ಹೆಡ್‌ಲೈಟ್ ಅಂದರೆ ಶೋಕಿಯ ವಿಷಯ ಅಲ್ಲ.

ಮೊದಲು ಮಾಡಿದ್ದು ಬಲ್ಬಿನ ವ್ಯಾಟ್ ಏರಿಸಿದ್ದು. ನನ್ನ ಕಾರಿಗೆ ಬರುವುದು ಎಚ್-4 ಹ್ಯಾಲೊಜೆನ್ ಬಲ್ಬು, ಹೈ ಬೀಮಿಗೆ, ಅಂದರೆ ದೂರದ ಬೆಳಕಿಗೆ, 60 ವ್ಯಾಟ್, ಡಿಪ್ ಮಾಡಿದಾಗಿನ ಲೋ ಬೀಮಿಗೆ 55. ಅದನ್ನು ತೆಗೆದು 100/90 ಹಾಕಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಒಂದು ರಾತ್ರಿ ಬಲಗಡೆಯ ದೀಪ ಮಿಣುಕತೊಡಗಿತು. ಬಾನೆಟ್ ಎತ್ತಿದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಹೋಲ್ಡರ್ ಕರಗಿ ಬಲ್ಬಿನ ಪಿನ್ನಿಗೆ ಅಂಟಿಕೊಂಡಿತ್ತು. ದಿನಾ ಕಾಯಿಲ್ ಸುಟ್ಟ ಮೋಟರ್ ಬಿಚ್ಚುವವನು ನಾನು, ಇದನ್ನು ಮೊದಲೇ ಲೆಕ್ಕ ಹಾಕಬೇಕಿತ್ತು. ಕರೆಂಟು ಒಂದೂವರೆ ಪಟ್ಟು ದಾಟಿದರೆ ವೈರಿನ ಬಿಸಿ ಎರಡು ಪಟ್ಟು ದಾಟುತ್ತದೆ. ವೈರು ಮಾತ್ರ 60 ವ್ಯಾಟಿಗೆ ಎಳೆದದ್ದೇ.

ಅದಾದ ಮೇಲೆ ತುಮಕೂರಿನ ಬಿ.ಎಚ್. ರಸ್ತೆಯ ಒಂದು ಅಂಗಡಿಯಲ್ಲಿ ಎಲ್‌ಇಡಿ ಬಲ್ಬಿನ ಜೋಡಿ ತಂದೆ. ಡಬ್ಬಿಯ ಮೇಲೆ 20,000 ಲ್ಯೂಮೆನ್ ಅಂತ ಬರೆದಿತ್ತು, ಲ್ಯೂಮೆನ್ ಅಂದರೆ ಬೆಳಕಿನ ಅಳತೆ. ಕಂಪನಿಯ ಎಚ್-4 ಹ್ಯಾಲೊಜೆನ್ ಲೋ ಬೀಮಿನಲ್ಲಿ ಕೊಡುವುದು ಸುಮಾರು 1,000 ಲ್ಯೂಮೆನ್. ದುಬಾರಿ ಕಾರುಗಳಲ್ಲಿ ಬರುತ್ತಿದ್ದ ಅಸಲಿ ಎಚ್‌ಐಡಿ ದೀಪ (ತಂತಿ ಸುರುಳಿಯ ಬದಲು ಕ್ಸೆನಾನ್ ಅನಿಲದಲ್ಲಿ ಉರಿಯುವಂಥದ್ದು) ಕೂಡ 35 ವ್ಯಾಟಿನಲ್ಲಿ ಕೊಡುವುದು 3,200ರ ಆಸುಪಾಸು. ಆ ಡಬ್ಬಿಯ ಅಂಕಿ ನಂಬುವಂಥದ್ದಲ್ಲ ಅಂತ ಈಗ ಹೇಳಬಲ್ಲೆ. ಅವತ್ತು ಹಾಕಿ ನೋಡಿದಾಗ ಕಾರಿನ ಮುಂದೆ ಹಾಲು ಚೆಲ್ಲಿದಂಥ ಬೆಳಕು. ಖುಷಿಯಾಯಿತು.

ಒಂದು ತಿಂಗಳ ಮೇಲೆ, ರಾತ್ರಿಯೆಲ್ಲ ಒಂದು ಬೋರ್‌ವೆಲ್ ಹತ್ತಿರ ಕೆಲಸ ಮಾಡಿ ಬೆಳಗ್ಗೆ ಐದಕ್ಕೆ ವಾಪಸು ಬರುತ್ತಿದ್ದೆ. ಇನ್ನೂ ಕತ್ತಲು. ಎದುರಿಗೆ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹಿರಿಯರೊಬ್ಬರು ಡೇರಿಗೆ ಬರುತ್ತಿದ್ದರು. ದೂರದಿಂದಲೇ ಡಿಪ್ ಮಾಡಿದೆ, ಅದು ನನಗೆ ಚೆನ್ನಾಗಿ ನೆನಪಿದೆ. ಆದರೂ ಗಾಡಿ ವಾಲಾಡುತ್ತಾ ಎಡಕ್ಕೆ ಸರಿದು ಚರಂಡಿಗೆ ಇಳಿಯಿತು. ಓಡಿಹೋಗಿ ಎತ್ತಿದೆ. ಮೊಣಕಾಲು ತರಚಿತ್ತು, ಒಂದು ಕ್ಯಾನು ಪೂರ್ತಿ ಮಣ್ಣುಪಾಲು. ನಮ್ಮ ಅಂಗಡಿಗೆ ಬರುವವರೇ.

"ಡಿಪ್ ಮಾಡಿದ್ನಲ್ಲಣ್ಣ," ಅಂದೆ.

"ಏನು ಮಾಡಿದ್ಯೋ ಕಾಣೆ ಕಣಪ್ಪ, ನನಗೆ ರಸ್ತೇನೇ ಇಲ್ಲ ಅನ್ನಂಗಾಯ್ತು," ಅಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಅವತ್ತು ಸಂಜೆ ತಮ್ಮನ ಕೈಗೆ ಕಾರು ಕೊಟ್ಟು, ಊರ ಹೊರಗಿನ ರಸ್ತೆಯಲ್ಲಿ ನಾನು ಬೈಕಿನ ಮೇಲೆ ಎದುರಿಗೆ ನಿಂತೆ. ಲೋ ಬೀಮಿನಲ್ಲೇ ಬರಲು ಹೇಳಿದ್ದೆ. ನೂರು ಮೀಟರ್ ದೂರದಲ್ಲಿ ಇರುವಾಗಲೇ ನನ್ನ ಬೈಕಿನ ಮುಂದಿನ ಟಾರು ಮಾಯವಾಯಿತು. ಕಾರು ದಾಟಿ ಹೋದ ಮೇಲೂ ಕಣ್ಣಲ್ಲಿ ಹಸಿರು ಬೊಟ್ಟು. ಮನೆಗೆ ಬಂದವನೇ ಆ ಬಲ್ಬು ಬಿಚ್ಚಿ ಹಳೆಯದರ ಪಕ್ಕದಲ್ಲಿ ಮೇಜಿನ ಮೇಲಿಟ್ಟೆ.

ಪಕ್ಕಪಕ್ಕ ಇಟ್ಟು ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಎಚ್-4 ಹ್ಯಾಲೊಜೆನ್ ಗಾಜಿನೊಳಗೆ ಎರಡು ತಂತಿ ಸುರುಳಿ ಇವೆ. ಲೋ ಬೀಮಿನ ಸುರುಳಿಯ ಕೆಳಗೆ ಉಗುರಿನಷ್ಟು ತಗಡಿನ ಬಟ್ಟಲು. ಆ ಬಟ್ಟಲು ಕೆಳಗೆ ಹೋಗುವ ಬೆಳಕನ್ನು ತಡೆಯುವುದರಿಂದ ಸುತ್ತಲಿನ ಕನ್ನಡಿಯಂಥ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು ರಸ್ತೆಗೆ ಇಳಿಯುತ್ತದೆ. ಎದುರಿನವನ ಕಣ್ಣು ಉಳಿಸುವುದು ಆ ಬಟ್ಟಲೇ. ರಿಫ್ಲೆಕ್ಟರಿನ ಒಂದೊಂದು ಮಡಿಕೆಯನ್ನೂ ಆ ಸುರುಳಿ ಇರುವ ಜಾಗ ನೋಡಿಯೇ ಲೆಕ್ಕ ಹಾಕಿ ಮಾಡಿರುತ್ತಾರೆ. ನಾನು ತಂದ ಎಲ್‌ಇಡಿಯಲ್ಲಿ ಬೆಳಗುವ ಚಿಪ್‌ಗಳು ದಪ್ಪ ಪಟ್ಟಿಯ ಎರಡು ಮಗ್ಗುಲಲ್ಲಿ ಕೂತಿದ್ದವು, ಸುರುಳಿ ಇರಬೇಕಾದ ಜಾಗಕ್ಕಿಂತ ಕೆಲವು ಮಿಲಿಮೀಟರ್ ಆಚೀಚೆ. ಬಟ್ಟಲು ಹೆಸರಿಗಷ್ಟೇ. ಅಷ್ಟು ತಪ್ಪಿದರೆ ಸಾಕು, ಬೆಳಕು ಗುರಿ ಬಿಟ್ಟು ಮೇಲಕ್ಕೂ ಪಕ್ಕಕ್ಕೂ ಚೆದುರುತ್ತದೆ. ಇದೇ ಡೂಮಿಗೆ, ಅಂದರೆ ಹೆಡ್‌ಲೈಟಿನ ಇಡೀ ಗೂಡಿಗೆ, ಎಚ್‌ಐಡಿ ಕಿಟ್ ಹಾಕಿದರೂ ಕಥೆ ಅದೇ, ಇನ್ನೂ ಜೋರಾಗಿ.

ನನಗೂ ಅದರಿಂದ ಲಾಭ ಆಗಿರಲಿಲ್ಲ. ಕಾರಿನ ಮೂಗಿನ ಮುಂದೆ ಹತ್ತಿಪ್ಪತ್ತು ಅಡಿ ಬೆಳ್ಳಗೆ ಹೊಳೆಯುತ್ತಿದ್ದರೆ ಕಣ್ಣಿನ ಪಾಪೆ ಕಿರಿದಾಗಿ ದೂರದ ಕತ್ತಲು ಇನ್ನೂ ಕಪ್ಪಾಗುತ್ತದೆ. ಜಾಸ್ತಿ ಬೆಳಕು ಅಂತ ನಾನು ಅಂದುಕೊಂಡಿದ್ದು ಹತ್ತಿರದ ಬೆಳಕು, ಹಂದಿ ಬರುವ ದೂರದ್ದಲ್ಲ.

ಮತ್ತೆ 60/55 ಹಾಕಿ, ಈ ಸಲ ಮೀಟರ್ ಹಿಡಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಬಲ್ಬಿನ ಪಿನ್ನಿನಲ್ಲಿ 11.4. ಹತ್ತು ವರ್ಷ ದಾಟಿದ ವೈರು, ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ಥ್ ಸೇರಿ ಎರಡೂವರೆ ವೋಲ್ಟು ನುಂಗಿದ್ದವು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ನನ್ನ ದೀಪ ಹುಟ್ಟಿದ ಬೆಳಕಿನ ಮುಕ್ಕಾಲು ಭಾಗವನ್ನೂ ಕೊಡುತ್ತಿರಲಿಲ್ಲ.

ರಿಲೇ ಹಾಕಿದೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹತ್ತಿಸುವ ಸ್ವಿಚ್ಚು. ಲೋ ಬೀಮಿಗೊಂದು, ಹೈ ಬೀಮಿಗೊಂದು, 30 ಆಂಪಿಯರಿನವು. ಬ್ಯಾಟರಿಯ ಪ್ಲಸ್ಸಿನಿಂದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇಯ 30ನೇ ಪಿನ್ನಿಗೆ. 87ರಿಂದ ಬಲ್ಬಿಗೆ. ಮೊದಲು ಬಲ್ಬಿಗೆ ಸಿಕ್ಕಿಸುತ್ತಿದ್ದ ಕಾರಿನ ಹಳೆಯ ಕಪ್ಲರ್ 85, 86ಕ್ಕೆ ಬಂದು ರಿಲೇ ಎಳೆಯುವ ಕೆಲಸ ಮಾತ್ರ ಮಾಡುತ್ತದೆ, ಅದಕ್ಕೆ ಕಾಲು ಆಂಪಿಯರೂ ಬೇಡ. ಅರ್ಥ್ ಕೂಡುವ ಜಾಗದಲ್ಲಿ ಬಣ್ಣ ಉಜ್ಜಿ ತೆಗೆದು, ಲಗ್ ಕ್ರಿಂಪ್ ಮಾಡಿ, ಬೋಲ್ಟ್ ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. ಹೋಲ್ಡರ್ ಸೆರಾಮಿಕ್‌ನದ್ದು. ಫ್ಯೂಸ್ ಬಿಟ್ಟು ಈ ಕೆಲಸ ಯಾರೂ ಮಾಡಬಾರದು, ವೈರು ಎಲ್ಲಾದರೂ ಕಾರಿನ ತಗಡಿಗೆ ಉಜ್ಜಿದರೆ ಕಾರೇ ಹತ್ತಿಕೊಳ್ಳುತ್ತದೆ. ಮುಗಿಸಿ ಅಳೆದರೆ ಪಿನ್ನಿನಲ್ಲಿ 13.4.

ಡೂಮಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟಿತ್ತು. 800, 1500, 2000 ನಂಬರಿನ ವಾಟರ್ ಪೇಪರ್ ಅದೇ ಸಾಲಿನಲ್ಲಿ ನೀರು ಬಿಟ್ಟುಕೊಂಡು ಉಜ್ಜಿ, ಪಾಲಿಷ್ ಮಾಡಿ, ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆದೆ. ಕೋಟ್ ಹೊಡೆಯದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಎಲ್ಲಾ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯಿತು. ಹಳೆ ಕಾರಿನವರು ಬೇರೆ ಏನು ಮಾಡುವ ಮೊದಲೂ ಇದನ್ನು ಮಾಡಲಿ ಅಂತ ನಾನು ಕಂಡವರಿಗೆಲ್ಲ ಹೇಳುತ್ತೇನೆ. ಬಹಳ ಜನಕ್ಕೆ ಇಲ್ಲಿಗೇ ಸಾಕು.

ನನಗೆ ರಾತ್ರಿ ಓಡಾಟ ಜಾಸ್ತಿ, ಹಾಗಾಗಿ ಮುಂದಿನ ವರ್ಷ ಬೈ-ಎಲ್‌ಇಡಿ ಪ್ರೊಜೆಕ್ಟರ್ ಹಾಕಿದೆ, ಲೋ, ಹೈ ಎರಡೂ ಬೀಮ್ ಒಂದರಲ್ಲೇ. ಇದು ಬಲ್ಬು ಬದಲಿಸಿದಂತಲ್ಲ. ಎಲ್‌ಇಡಿ, ಅದಕ್ಕೇ ಅಳತೆ ಮಾಡಿದ ರಿಫ್ಲೆಕ್ಟರ್, ಮುಂದೆ ಮಸೂರ, ನಡುವೆ ಒಂದು ತಗಡಿನ ಪರದೆ, ಎಲ್ಲ ಒಂದೇ ತುಂಡು. ಪರದೆ ಮೇಲಿನ ಬೆಳಕನ್ನು ಕತ್ತರಿಸುತ್ತದೆ, ಹೈ ಬೀಮ್ ಒತ್ತಿದಾಗ ಸೊಲೆನಾಯ್ಡ್ ಅನ್ನುವ ಕರೆಂಟಿನ ಅಯಸ್ಕಾಂತ 'ಟಕ್' ಅಂತ ಪರದೆಯನ್ನು ಕೆಳಗೆ ಎಳೆಯುತ್ತದೆ. ಕೊಳ್ಳುವಾಗ ನೋಡಲೇಬೇಕಾದ್ದು ಒಂದಿದೆ: ನಮ್ಮದು ಎಡಬದಿಯ ಸಂಚಾರ, ಕಟ್ ಗೆರೆ, ಅಂದರೆ ಬೆಳಕು ಮೇಲೆ ನಿಲ್ಲುವ ಅಂಚು, ಎಡಗಡೆಗೆ ಏರಬೇಕು. ಬಲಕ್ಕೆ ಏರುವ ಮಾಲೂ ಮಾರುಕಟ್ಟೆಯಲ್ಲಿದೆ, ಅದನ್ನು ಹಾಕಿದರೆ ಬೆಳಕು ಸೀದಾ ಎದುರಿನವನ ಮುಖಕ್ಕೆ. ಬಣ್ಣ 4,500 ಕೆಲ್ವಿನ್ ಹತ್ತಿರದ್ದು ಆರಿಸಿದೆ. ನೀಲಿಗೆ ತಿರುಗುವ ದೀಪ ಮಳೆಯಲ್ಲಿ ನೆನೆದ ಟಾರಿನ ಮೇಲೆ ನನ್ನ ಕಣ್ಣಿಗೆ ಏನನ್ನೂ ತೋರಿಸುವುದಿಲ್ಲ.

ಗುಜರಿಯಿಂದ ಒಡೆದ ಡೂಮೊಂದನ್ನು ತಂದು ಮೊದಲು ಅದರ ಮೇಲೆ ಕೈ ಪಳಗಿಸಿಕೊಂಡೆ. ಅಂಚಿನ ಬ್ಯೂಟೈಲ್ ಅಂಟನ್ನು ಹೀಟ್ ಗನ್ನಿನಲ್ಲಿ ಸುತ್ತಲೂ ನಿಧಾನ ಕಾಯಿಸಿ, ಅಗಲ ಸ್ಕ್ರೂಡ್ರೈವರಿನಲ್ಲಿ ಇಂಚಿಂಚೇ ಬಿಡಿಸಬೇಕು. ಅವಸರ ಮಾಡಿದರೆ ಲೆನ್ಸಿನ ಹಲ್ಲು ಮುರಿಯುತ್ತದೆ. ಪ್ರೊಜೆಕ್ಟರಿನ ಬಾಲ ಹಳೆಯ ಎಚ್-4 ತೂತಿನಲ್ಲೇ ತೂರುತ್ತದೆ, ಹಿಂದೆ ನಟ್ಟು. ಪೂರ್ತಿ ಬಿಗಿಯುವ ಮೊದಲು ಡೂಮನ್ನು ಕಾರಿಗೆ ಕೂರಿಸಿ, ದೀಪ ಹತ್ತಿಸಿ, ಗೋಡೆಯ ಮೇಲಿನ ಗೆರೆ ಓರೆಯಿಲ್ಲದೆ ಮಲಗುವವರೆಗೆ ತಿರುಗಿಸಿದೆ. ಈ ಒಂದೇ ಕೆಲಸಕ್ಕೆ ಎರಡು ಸಂಜೆ ಹಿಡಿಯಿತು. ಆಮೇಲೆ ಹೊಸ ಬ್ಯೂಟೈಲ್ ಹಾಕಿ ಒತ್ತಿದೆ. ಹಿಂದಿನ ಗಾಳಿ ತೂತು ಮುಚ್ಚಬಾರದು. ನಾನು ಎಡಗಡೆಯದ್ದು ಮುಚ್ಚಿಬಿಟ್ಟು, ಮೊದಲ ಮಳೆಗೇ ಒಳಗೆ ಮಂಜು ಕಟ್ಟಿತು, ಮತ್ತೆ ಬಿಚ್ಚಬೇಕಾಯಿತು.

ಕಾನೂನಿನ ವಿಷಯ ಮುಚ್ಚಿಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 106ರ ಪ್ರಕಾರ ದೀಪದಿಂದ 8 ಮೀಟರ್ ಮುಂದೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದು. 2024ರ ಜುಲೈನಲ್ಲಿ ಪೊಲೀಸರು ರಾಜ್ಯದಾದ್ಯಂತ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕತೊಡಗಿದಾಗ ನನಗೆ ಸಿಟ್ಟು ಬರಲಿಲ್ಲ, ಆ ಹಾಲಿನ ಕ್ಯಾನು ನೆನಪಾಯಿತು. ಪ್ರೊಜೆಕ್ಟರ್ ಹಾಕುವವರು ಈ ಅಪಾಯ ತಿಳಿದೇ ಹಾಕಬೇಕು. ಹೊಸ ಕಾರಾದರೆ ವಾರಂಟಿಯ ಪ್ರಶ್ನೆಯೂ ಇದೆ, ಅವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಏನೇ ಹಾಕಿದರೂ ಗುರಿ ಕಟ್ಟದಿದ್ದರೆ ಎಲ್ಲ ವ್ಯರ್ಥ. ಸಮತಟ್ಟು ನೆಲದಲ್ಲಿ ಕಾರನ್ನು ಗೋಡೆಗೆ ಎದುರಾಗಿ 10 ಮೀಟರ್ ದೂರ ನಿಲ್ಲಿಸುತ್ತೇನೆ. ಟಯರಿನ ಗಾಳಿ ಸರಿಯಿರಬೇಕು, ಸೀಟಿನಲ್ಲಿ ಒಬ್ಬರು ಕೂತಿರಬೇಕು. ನನ್ನ ದೀಪದ ನಡು ನೆಲದಿಂದ 65 ಸೆಂಟಿಮೀಟರ್, ಗೋಡೆಯ ಮೇಲೆ ಕಟ್ ಗೆರೆ 55ಕ್ಕೆ ಬರುವಂತೆ ಡೂಮಿನ ಹಿಂದಿನ ಸ್ಕ್ರೂ ತಿರುಗಿಸುತ್ತೇನೆ. ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿದರೆ ಲೋ ಬೀಮ್ 65 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಗುರಿ ಕಟ್ಟಿದ ದಿನ ತಮ್ಮನಿಗೆ ಮತ್ತೆ ಕಾರು ಕೊಟ್ಟು ಅದೇ ರಸ್ತೆಯಲ್ಲಿ ಬೈಕಿನ ಮೇಲೆ ನಿಂತೆ. ಈ ಸಲ ಅವನು ದಾಟಿ ಹೋಗುವವರೆಗೂ ನನ್ನ ಮುಂದಿನ ಟಾರು, ಅದರ ಅಂಚಿನ ಜಲ್ಲಿ ಕಾಣುತ್ತಲೇ ಇತ್ತು.

ಆದರೆ ಡಿಕ್ಕಿಯಲ್ಲಿ ಎರಡು ಸಬ್‌ಮರ್ಸಿಬಲ್ ಮೋಟರ್ ಇಟ್ಟರೆ ಕಾರಿನ ಹಿಂಬದಿ ಕುಸಿದು ಮೂಗು ಮೇಲೇಳುತ್ತದೆ, ಗೆರೆಯೂ ಎದ್ದು ಎದುರಿನವರ ಕಣ್ಣಿಗೆ ಹೋಗುತ್ತದೆ. ಅದಕ್ಕೆ ಅಂಗಡಿ ಎದುರಿನ ಕಾಂಪೌಂಡ್ ಗೋಡೆಯ ಮೇಲೆ 55ಕ್ಕೆ ಎನಾಮಲ್ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಲೋಡು ಹಾಕಿದ ಮೇಲೆ ದೀಪ ಹತ್ತಿಸಿ ಗೋಡೆ ನೋಡುತ್ತೇನೆ, ಗೆರೆ ದಾಟಿದ್ದರೆ ಸ್ಕ್ರೂ ಇಳಿಸಿ ಹೊರಡುತ್ತೇನೆ.